ಅಡಿ, ಟಿಎಂಸಿ ಲೆಕ್ಕಕ್ಕೆ ಸಿಗದ ಬರ: ಮೆಟ್ಟೂರಿನ ಹಳ್ಳಗಳಲ್ಲಿ ಪಾಚಿ ಹೇಳುವ ಸುದ್ದಿ



ಮೆಟ್ಟೂರು ಅಣೆಕಟ್ಟೆಯ ನೀರಿನ ಮಟ್ಟ ನಮ್ಮ ಊರುಗಳಲ್ಲಿ ಬೆಳಗಿನ ಕಾಫಿಯ ಜೊತೆಗೇ ಬರುವ ಸುದ್ದಿ. ಇವತ್ತು ಎಷ್ಟು ಅಡಿ, ಒಳಹರಿವು ಎಷ್ಟು ಕ್ಯೂಸೆಕ್, ಬಿಳಿಗುಂಡ್ಲುವಿನಲ್ಲಿ ಎಷ್ಟು ಅಳೆದರು ಎಂದು ಸೇಲಂನಲ್ಲಿ ತಮಿಳು ಪತ್ರಿಕೆ ಓದುವವರೂ ನೋಡುತ್ತಾರೆ, ಕೊಳ್ಳೇಗಾಲದಲ್ಲಿ ಕನ್ನಡ ಪತ್ರಿಕೆ ಓದುವವರೂ ನೋಡುತ್ತಾರೆ. ಬರ ಬಂದಾಗ ಈ ಅಂಕಿಗಳ ಮೇಲೆ ಚರ್ಚೆ, ಧರಣಿ, ಬಂದ್ ಎಲ್ಲವೂ ನಡೆಯುತ್ತವೆ. ಆದರೆ ಅದೇ ಬರದಲ್ಲಿ ಅಣೆಕಟ್ಟೆಯ ಸುತ್ತಲಿನ ಸಣ್ಣ ಹಳ್ಳಗಳಲ್ಲಿ ಏನಾಗುತ್ತದೆ ಎಂಬುದು ಯಾವ ಅಂಕಿಯಲ್ಲೂ ಕಾಣುವುದಿಲ್ಲ. ಅದು ಕಾಣುವುದು ಬಣ್ಣದಲ್ಲಿ. ಕಲ್ಲಿನ ಮೇಲಿನ ಕಂದು ಲೇಪ ಹೋಗಿ ಹಸಿರು ಜಡೆ ಬರುತ್ತದೆ. ಹಸಿರು ಜಡೆ ಹೋಗಿ ನೀಲಿ-ಹಸಿರು ಕೆನೆ ಬರುತ್ತದೆ. ಪಾಚಿ ಹೀಗೆ ಬದಲಾಗುವುದರ ಹಿಂದೆ ಏನಿದೆ, ಅದು ನಮ್ಮ ಕುಡಿಯುವ ನೀರಿಗೂ ದನಕರುಗಳಿಗೂ ಹೇಗೆ ಸಂಬಂಧಿಸಿದೆ ಎಂಬುದೇ ಈ ಸಲದ ವಿಷಯ.

ಕಳೆದ ಬರದ ನೆನಪು

2023ರ ಮುಂಗಾರು ಕೈಕೊಟ್ಟದ್ದು ಎಲ್ಲರಿಗೂ ನೆನಪಿದೆ. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಲಾಯಿತು. ಆ ವರ್ಷ ವಾಡಿಕೆಯಂತೆ ಜೂನ್ 12ರಂದು ಮೆಟ್ಟೂರಿನಿಂದ ಕಾವೇರಿ ಮುಖಜಭೂಮಿಗೆ ನೀರು ಬಿಟ್ಟಾಗ ಅಣೆಕಟ್ಟೆಯಲ್ಲಿ ನೂರು ಅಡಿಗೂ ಹೆಚ್ಚು ನೀರಿತ್ತು. ಅಕ್ಟೋಬರ್ ಎರಡನೇ ವಾರದ ಹೊತ್ತಿಗೆ ಅದು ಸುಮಾರು 31 ಅಡಿಗೆ ಇಳಿದು, ನೀರಾವರಿಗೆ ಬಿಡುವುದನ್ನೇ ನಿಲ್ಲಿಸಬೇಕಾಯಿತು. ಪೂರ್ಣ ಮಟ್ಟ 120 ಅಡಿ, ಸಂಗ್ರಹ 93.47 ಟಿಎಂಸಿ ಇರುವ ಜಲಾಶಯ ಇದು. ಅದಕ್ಕೂ ಮುಂಚೆ 2016ರಲ್ಲಿ ಮುಂಗಾರೂ ಹಿಂಗಾರೂ ಎರಡೂ ಸೋತು, 2017ರ ಜನವರಿಯಲ್ಲಿ ತಮಿಳುನಾಡು ಸರ್ಕಾರ ರಾಜ್ಯದ ಎಲ್ಲ ಜಿಲ್ಲೆಗಳನ್ನೂ ಬರಪೀಡಿತ ಎಂದು ಸಾರಿತ್ತು.

ಇಂಥ ವರ್ಷಗಳಲ್ಲಿ ಪಣ್ಣವಾಡಿಯ ಬಳಿ ಮುಳುಗಿದ್ದ ಜಲಕಂಠೇಶ್ವರ ಗುಡಿಯ ನಂದಿಯೂ ಹಳೆಯ ಚರ್ಚಿನ ಗೋಪುರವೂ ನೀರಿನಿಂದ ಮೇಲೆದ್ದು ಕಾಣುತ್ತವೆ. 1934ರಲ್ಲಿ ಅಣೆಕಟ್ಟೆ ತುಂಬುವ ಮುಂಚೆ ಅಲ್ಲಿ ಊರುಗಳಿದ್ದವು ಎಂಬುದನ್ನು ನೆನಪಿಸುವ ಗುರುತುಗಳು ಅವು. ಜನ ಹೋಗಿ ಫೋಟೊ ತೆಗೆಯುತ್ತಾರೆ, ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ. ಅದೇ ಹಿನ್ನೀರಿನ ಅಂಚಿನಲ್ಲಿ ನೀರು ಹಸಿರು ಬಣ್ಣಕ್ಕೆ ತಿರುಗಿ ನಾರುವ ಸುದ್ದಿಯೂ ಆಗಾಗ ಬರುತ್ತದೆ. ದುರ್ವಾಸನೆ ತಡೆಯಲಾರದೆ ದಡದ ಊರಿನವರು ದೂರು ಕೊಡುತ್ತಾರೆ, ಅಧಿಕಾರಿಗಳು ದೋಣಿಯಲ್ಲಿ ಹೋಗಿ ಇಎಂ ಎಂಬ ಸೂಕ್ಷ್ಮಾಣು ದ್ರಾವಣ ಸಿಂಪಡಿಸುತ್ತಾರೆ. ಕೆಲವು ದಿನಗಳಲ್ಲಿ ಸುದ್ದಿ ತಣ್ಣಗಾಗುತ್ತದೆ.

ಆದರೆ ಆ ಹಸಿರು ಒಂದು ದಿನದಲ್ಲಿ ಹುಟ್ಟಿದ್ದಲ್ಲ. ಅದರ ಮೊದಲ ಸೂಚನೆಗಳನ್ನು ಜಲಾಶಯಕ್ಕಿಂತ ಮೊದಲು ಅದಕ್ಕೆ ಬಂದು ಸೇರುವ ಹಳ್ಳಗಳಲ್ಲಿ ನೋಡಬಹುದು.

ಯಾವ ಹಳ್ಳಗಳು?

ಕಾವೇರಿ ದೊಡ್ಡ ನದಿ, ಅದರ ಹೆಸರು ಎಲ್ಲರ ಬಾಯಲ್ಲಿದೆ. ಅದಕ್ಕೆ ಈ ಭಾಗದಲ್ಲಿ ಸೇರುವ ಸಣ್ಣ ಹೊಳೆಗಳ ಹೆಸರು ಅಲ್ಲಿನವರಿಗೆ ಮಾತ್ರ ಗೊತ್ತು. ಅಂಚೆಟ್ಟಿ ಕಡೆಯಿಂದ ಬರುವ ಹೊಳೆಗೆ ದೊಡ್ಡಹಳ್ಳ ಎಂದೇ ಹೆಸರು. ತಮಿಳುನಾಡಿನ ನಕ್ಷೆಯಲ್ಲೂ ಅದು ಕನ್ನಡದ ಹೆಸರಿನಲ್ಲೇ ಉಳಿದಿದೆ. ಹೊಗೇನಕಲ್ಲಿನಲ್ಲಿ ಚಿನ್ನಾರ್ ಬಂದು ಕೂಡುತ್ತದೆ. ಧರ್ಮಪುರಿ ಕಡೆಯಿಂದ ತೊಪ್ಪೈಯಾರ್ ಇಳಿಯುತ್ತದೆ. ಪಶ್ಚಿಮದಲ್ಲಿ ಮಲೆ ಮಹದೇಶ್ವರ ಬೆಟ್ಟದ ತಪ್ಪಲಿನ ಪಾಲಾರ್ ಎರಡು ರಾಜ್ಯಗಳ ಗಡಿಯಾಗಿಯೇ ಹರಿದು ಕಾವೇರಿ ಸೇರುತ್ತದೆ. ವೆಲ್ಲೂರಿನ ಪಾಲಾರ್ ಬೇರೆ, ಇದು ಬೇರೆ. ಮೆಟ್ಟೂರಿನಿಂದ ಕೊಳತ್ತೂರು ದಾಟಿ ಬೆಟ್ಟಕ್ಕೆ ಹೋಗುವವರೆಲ್ಲ ಇದರ ಸೇತುವೆ ದಾಟಿರುತ್ತಾರೆ.

ಇವು ವರ್ಷವಿಡೀ ತುಂಬಿ ಹರಿಯುವ ಹೊಳೆಗಳಲ್ಲ. ಮಳೆಗಾಲದಲ್ಲಿ ಅಬ್ಬರ, ಚಳಿಗಾಲದಲ್ಲಿ ಕಲ್ಲುಗಳ ನಡುವೆ ಜುಳುಜುಳು, ಬೇಸಗೆಯಲ್ಲಿ ಅಲ್ಲೊಂದು ಇಲ್ಲೊಂದು ಮಡು, ಮರಳಿನಡಿಯಲ್ಲಿ ಒರತೆ. ಒಣಗುವುದು ಅವುಗಳಿಗೆ ಹೊಸದಲ್ಲ. ಎಷ್ಟು ಬೇಗ ಒಣಗುತ್ತವೆ, ಎಷ್ಟು ಕಾಲ ಒಣಗಿರುತ್ತವೆ, ಒಣಗುವಾಗ ಅವುಗಳಲ್ಲಿ ಏನೇನು ಸೇರಿಕೊಂಡಿರುತ್ತದೆ ಎಂಬುದರಲ್ಲಿ ಬರದ ವರ್ಷಕ್ಕೂ ಸಾಮಾನ್ಯ ವರ್ಷಕ್ಕೂ ಇರುವ ವ್ಯತ್ಯಾಸ ಅಡಗಿದೆ.

ಹೊಳೆಯ ಹುಲ್ಲುಗಾವಲು

ಕನ್ನಡದ ಪಾಚಿ, ತಮಿಳಿನ ಪಾಸಿ ಎರಡೂ ಒಂದೇ ಬೇರಿನ ಮಾತು. ನಮಗೆ ಪಾಚಿ ಎಂದರೆ ಬಚ್ಚಲಲ್ಲಿ ಜಾರಿ ಬೀಳಿಸುವ ವಸ್ತು, ತೊಟ್ಟಿಯಿಂದ ಉಜ್ಜಿ ತೆಗೆಯಬೇಕಾದ ಕೊಳೆ. ಹೊಳೆಯ ಮಟ್ಟಿಗೆ ಅದು ಹುಲ್ಲುಗಾವಲು. ಹರಿಯುವ ನೀರಿನಲ್ಲಿನ ಕಲ್ಲೊಂದನ್ನು ಎತ್ತಿ ಬೆರಳಾಡಿಸಿದರೆ ತೆಳ್ಳನೆಯ ಕಂದು ಲೋಳೆ ಕೈಗೆ ಹತ್ತುತ್ತದೆ. ಅದರಲ್ಲಿ ಬಹುಪಾಲು ಡಯಾಟಮ್‌ಗಳು: ಕಣ್ಣಿಗೆ ಕಾಣದಷ್ಟು ಸಣ್ಣ, ಗಾಜಿನಂಥ ಸಿಲಿಕಾ ಚಿಪ್ಪು ಹೊತ್ತ ಒಂಟಿ ಜೀವಕೋಶಗಳು. ಗೊದಮೊಟ್ಟೆ, ಬಸವನಹುಳು, ಕಲ್ಲಿಗೆ ಅಂಟಿಕೊಂಡು ಕೆರೆದು ತಿನ್ನುವ ಸಣ್ಣ ಮೀನು, ನೀರಿನ ಕೀಟಗಳ ಮರಿಗಳು ಇದನ್ನು ಮೇಯುತ್ತವೆ. ಇವುಗಳನ್ನು ದೊಡ್ಡ ಮೀನು, ಕೊಕ್ಕರೆ, ನೀರುನಾಯಿ ತಿನ್ನುತ್ತವೆ. ದಡದ ಮರಗಳಿಂದ ಬಿದ್ದ ಎಲೆಗಳ ಜೊತೆಗೆ ಈ ತೆಳು ಲೇಪವೇ ಹಳ್ಳದ ಊಟದ ಬುನಾದಿ.

ಡಯಾಟಮ್‌ಗೆ ಇನ್ನೊಂದು ಗುಣವಿದೆ. ಒಂದೊಂದು ಜಾತಿಗೆ ಒಂದೊಂದು ಬಗೆಯ ನೀರು ಹಿತ. ತಿಳಿನೀರಿನಲ್ಲಿ ಮಾತ್ರ ಬದುಕುವವು ಕೆಲವು, ಚರಂಡಿ ನೀರಿನಲ್ಲೂ ಹಾಯಾಗಿರುವವು ಕೆಲವು. ಆದ್ದರಿಂದ ಒಂದು ಕಲ್ಲಿನ ಲೇಪವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರು ಆ ಹಳ್ಳದ ಕಳೆದ ಕೆಲವು ವಾರಗಳ ಸ್ಥಿತಿಯನ್ನೇ ಹೇಳಬಲ್ಲರು. ಬಾಟಲಿಯಲ್ಲಿ ತುಂಬಿದ ನೀರಿನ ಪರೀಕ್ಷೆ ಆ ಕ್ಷಣದ ಮಾತು. ಪಾಚಿಯ ಪಟ್ಟಿ ಒಂದು ತಿಂಗಳ ದಿನಚರಿ.

ಬರ ಇಳಿಯುವ ಮೆಟ್ಟಿಲುಗಳು

ಬೇಸಗೆಯ ಬಿಸಿಲಿನಂತೆ ಬರ ಒಂದೇ ಸಮನೆ ಏರುತ್ತದೆ ಎಂದು ನಾವು ಭಾವಿಸುತ್ತೇವೆ. ಹಳ್ಳದಲ್ಲಿ ಅದು ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಒಂದೊಂದು ಮೆಟ್ಟಿಲಿನಲ್ಲೂ ಪಾಚಿಯ ಕೂಟ ಬದಲಾಗುತ್ತದೆ.

ಮೊದಲನೆಯದು ಹರಿವು ನಿಧಾನವಾಗುವ ಹಂತ. ಸಣ್ಣ ಪ್ರವಾಹಗಳು ಕಲ್ಲುಗಳನ್ನು ಉರುಳಿಸಿ ಪಾಚಿಯನ್ನು ಆಗಾಗ ತೊಳೆಯುತ್ತಿರುತ್ತವೆ. ಮಳೆ ನಿಂತರೆ ತೊಳೆಯುವವರಿಲ್ಲ. ನೀರು ಆಳವಿಲ್ಲದೆ ತಿಳಿಯಾಗಿರುವುದರಿಂದ ಬಿಸಿಲು ತಳದವರೆಗೂ ಇಳಿಯುತ್ತದೆ, ನೀರು ಬೆಚ್ಚಗಾಗುತ್ತದೆ. ಆಗ ಕಂದು ಲೇಪದ ಮೇಲೆ ಉದ್ದುದ್ದ ಹಸಿರು ಎಳೆಗಳು ಬೆಳೆಯುತ್ತವೆ. ಕ್ಲಾಡೊಫೋರಾ, ಸ್ಪೈರೋಗೈರಾ ಮುಂತಾದವು ಈ ಗುಂಪಿನವು. ಶಾಲೆಯ ಜೀವಶಾಸ್ತ್ರ ಪುಸ್ತಕದಲ್ಲಿ ಸ್ಪೈರೋಗೈರಾದ ಚಿತ್ರ ಬಿಡಿಸಿದವರು ನಮ್ಮಲ್ಲಿ ಅನೇಕರಿದ್ದಾರೆ. ಇದರಿಂದ ಯಾರಿಗೂ ಅಪಾಯವಿಲ್ಲ. ಆದರೆ ಕೆರೆದು ತಿನ್ನುವ ಜೀವಿಗಳಿಗೆ ಈ ಒರಟು ಎಳೆ ರುಚಿಸದು. ಅಂದರೆ ಹುಲ್ಲು ಹೆಚ್ಚಾದಂತೆ ಕಂಡರೂ ಮೇವು ಕಡಿಮೆಯಾಗಿರುತ್ತದೆ.

ಎರಡನೆಯ ಮೆಟ್ಟಿಲಿನಲ್ಲಿ ಜುಳುಜುಳು ನಿಲ್ಲುತ್ತದೆ. ಕಲ್ಲುಗಳ ಮೇಲಿನ ತೆಳು ಹರಿವು ಒಣಗಿ, ಹಳ್ಳ ಬಿಡಿ ಬಿಡಿ ಮಡುಗಳಾಗಿ ಒಡೆಯುತ್ತದೆ. ಹೊರಬಿದ್ದ ಕಲ್ಲುಗಳ ಮೇಲಿನ ಪಾಚಿ ಬಿಸಿಲಿಗೆ ಸುಟ್ಟು ಕಾಗದದಂತೆ ಸುರುಳಿಯಾಗುತ್ತದೆ. ಮೀನು, ಗೊದಮೊಟ್ಟೆ, ಹುಳು ಎಲ್ಲವೂ ಉಳಿದ ಮಡುವಿನಲ್ಲಿ ಒತ್ತೊತ್ತಾಗಿ ಸೇರುತ್ತವೆ.

ಮೂರನೆಯದು ಮಡುವಿನ ಹಂತ, ಇದೇ ನಿರ್ಣಾಯಕ. ನೀರು ಆವಿಯಾದಂತೆ ಅದರಲ್ಲಿ ಕರಗಿದ ಸಾರಜನಕ, ರಂಜಕ, ಉಪ್ಪು ಗಟ್ಟಿಯಾಗುತ್ತವೆ. ದನ, ಕುರಿ, ಕಾಡುಪ್ರಾಣಿ ಎಲ್ಲವೂ ಅಲ್ಲಿಗೇ ಬರುತ್ತವೆ. ಸಗಣಿ, ಗಂಜಲ ಸೇರುತ್ತದೆ. ಬಟ್ಟೆ ಒಗೆದ ಸಾಬೂನು ನೀರು, ಹೊಲದಿಂದ ಇಳಿದ ಗೊಬ್ಬರ ಹೊರಹೋಗಲು ದಾರಿಯಿಲ್ಲ. ಬೆಚ್ಚಗಿನ, ನಿಂತ, ಪೋಷಕಾಂಶ ತುಂಬಿದ ನೀರು ನೀಲಿ-ಹಸಿರು ಪಾಚಿಗೆ ಹೇಳಿ ಮಾಡಿಸಿದ್ದು. ಹೆಸರು ಪಾಚಿ ಎಂದಿದ್ದರೂ ಇವು ನಿಜವಾಗಿ ಬ್ಯಾಕ್ಟೀರಿಯಾಗಳು, ಸಯನೊಬ್ಯಾಕ್ಟೀರಿಯಾ. ಇವುಗಳಲ್ಲಿ ಕೆಲವು ಗಾಳಿಯ ಸಾರಜನಕವನ್ನೇ ಬಳಸಿಕೊಳ್ಳಬಲ್ಲವು. ಕೆಲವು ತಮ್ಮೊಳಗೆ ಗಾಳಿಯ ಕಿರುಚೀಲ ಕಟ್ಟಿಕೊಂಡು ಬಿಸಿಲಿಗಾಗಿ ಮೇಲೆ ತೇಲಬಲ್ಲವು. ತಮಿಳುನಾಡಿನ ಪಾಚಿ ವಿಜ್ಞಾನಿ ಟಿ.ವಿ. ದೇಶಿಕಾಚಾರಿ ಅವರು 1959ರಲ್ಲಿ ಭಾರತದ ಈ ಗುಂಪಿನ ಬಗ್ಗೆ ಬರೆದ 'ಸಯನೊಫೈಟಾ' ಗ್ರಂಥವನ್ನು ಈ ಕ್ಷೇತ್ರದವರು ಇಂದಿಗೂ ತೆರೆದು ನೋಡುತ್ತಾರೆ.

ಮಡುವಿನ ಉಸಿರಾಟವೂ ಆಗ ಏರುಪೇರಾಗುತ್ತದೆ. ಹಗಲಿನಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೇ ಪಾಚಿ ಆಮ್ಲಜನಕ ಹೀರುತ್ತದೆ. ಪಾಚಿ ದಟ್ಟವಾಗಿದ್ದರೆ ಬೆಳಗಿನ ಜಾವದ ಹೊತ್ತಿಗೆ ನೀರಿನಲ್ಲಿ ಉಸಿರೇ ಉಳಿಯುವುದಿಲ್ಲ. ಸಂಜೆ ಚೆನ್ನಾಗಿ ಈಜುತ್ತಿದ್ದ ಮೀನುಗಳು ಬೆಳಗ್ಗೆ ಹೊಟ್ಟೆ ಮೇಲಾಗಿ ತೇಲುವುದನ್ನು ಕಂಡ ಜನ ಯಾರೋ ವಿಷ ಹಾಕಿದರು ಎನ್ನುತ್ತಾರೆ. ಎಷ್ಟೋ ಸಲ ವಿಷ ಹಾಕಿದವರು ಯಾರೂ ಇರುವುದಿಲ್ಲ, ಉಸಿರುಗಟ್ಟಿ ಸತ್ತಿರುತ್ತವೆ.

ನಾಲ್ಕನೆಯದು ಪೂರ್ತಿ ಒಣಗುವ ಹಂತ. ಆಗಲೂ ಎಲ್ಲವೂ ಸಾಯುವುದಿಲ್ಲ. ಕೆಲವು ಪಾಚಿಗಳು ದಪ್ಪ ಗೋಡೆಯ ಬೀಜದಂಥ ಕೋಶಗಳಾಗಿ ಮಲಗುತ್ತವೆ. ಕೆಲವು ಲೋಳೆಯ ಹೊದಿಕೆಯೊಳಗೆ ತೇವ ಹಿಡಿದುಕೊಳ್ಳುತ್ತವೆ. ಒಣಗಿದ ಕೆಸರಿನ ಸಿಪ್ಪೆ, ಕಲ್ಲಿನಡಿಯ ನೆರಳು, ಮರಳಿನೊಳಗಿನ ತೇವ ಅವುಗಳ ಕಣಜ. ಇಲ್ಲಿ ಒಂದು ಮುಖ್ಯ ಸಂಗತಿ: ನಿಧಾನವಾಗಿ ಒಣಗಿದರೆ ಈ ಸಿದ್ಧತೆಗೆ ಸಮಯ ಸಿಗುತ್ತದೆ, ದಿಢೀರನೆ ಒಣಗಿದರೆ ಸಿಗುವುದಿಲ್ಲ. ಕೊಳವೆಬಾವಿಗಳು ಅಂತರ್ಜಲ ಎಳೆದಾಗ, ಮರಳು ತೆಗೆದು ತಳದ ತೇವವೇ ಹೋದಾಗ, ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಒಣಗುವಿಕೆ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಮಳೆ ಕಡಿಮೆಯಾಗಿದ್ದು ಪ್ರಕೃತಿಯಿಂದ. ಈ ಅವಸರ ನಮ್ಮಿಂದ.

ಮೊದಲ ಮಳೆಯ ಅಪಾಯ

ಐದನೆಯ ಮೆಟ್ಟಿಲು ಮಳೆ ಬರುವುದು. ಬರ ಮುಗಿಯಿತೆಂದು ನಾವು ಸಂತೋಷಪಡುವ ದಿನವೇ ಹಳ್ಳಕ್ಕೆ ಕಷ್ಟದ ದಿನ. ಒಣಗಿದ ಮಣ್ಣು, ಕೆಸರು ನೀರು ಕುಡಿದೊಡನೆ ಅದರಲ್ಲಿ ಕೂಡಿಟ್ಟ ಸಾರಜನಕ, ರಂಜಕ ಒಮ್ಮೆಲೇ ಹೊರಬರುತ್ತವೆ. ತಿಂಗಳುಗಳ ಸಗಣಿ, ಬೂದಿ, ಕಸ, ಹೊಲದ ಗೊಬ್ಬರ ಎಲ್ಲವನ್ನೂ ಮೊದಲ ನೀರು ಕೊಚ್ಚಿ ತರುತ್ತದೆ. ಈ ಔತಣಕ್ಕೆ ಮೊದಲು ಬರುವವರು ಬೇಗ ಬೆಳೆಯುವ ಪಾಚಿಗಳು.

ಹಳ್ಳದ ಒಳ್ಳೆಯ ಪಾಚಿ ಚೇತರಿಸಿಕೊಳ್ಳಲು ಸಾಮಾನ್ಯವಾಗಿ ಕೆಲವು ದಿನಗಳಿಂದ ಕೆಲವು ವಾರ ಸಾಕು. ಮೇಲಿನ ಕಾಡಿನಲ್ಲಿ ಒಂದು ಮಡು ಉಳಿದಿದ್ದರೂ ಅಲ್ಲಿಂದ ಕೋಶಗಳು ತೇಲಿ ಬಂದು ಕಲ್ಲುಗಳ ಮೇಲೆ ಮತ್ತೆ ಕೂರುತ್ತವೆ. ವರ್ಷಾವರ್ಷ ಒಣಗಿ ರೂಢಿಯಾದ ಹಳ್ಳಗಳಲ್ಲಿ ಈ ಚೇತರಿಕೆ ಇನ್ನೂ ಚುರುಕು. ಮೇಯುವ ಹುಳು, ಮೀನುಗಳು ಹಿಂತಿರುಗಲು ಹೆಚ್ಚು ಕಾಲ ಬೇಕು; ಅಷ್ಟರವರೆಗೆ ಪಾಚಿಗೆ ಕಡಿವಾಣವಿಲ್ಲ. ಹಾಗಾಗಿ ಬರದ ಮಾರನೆಯ ವರ್ಷ ಹಳ್ಳ ಹೆಚ್ಚು ಹಸಿರಾಗಿ ಕಂಡರೆ ಅದನ್ನು ಆರೋಗ್ಯದ ಲಕ್ಷಣವೆಂದು ತಿಳಿಯಬಾರದು.

ಹಳ್ಳ ಕೊನೆಗೆ ಜಲಾಶಯ ಸೇರುತ್ತದೆ. ಮೆಟ್ಟೂರಿನ ಜಲಾಶಯ ತುಂಬಿದಾಗ ಸುಮಾರು 150 ಚದರ ಕಿಲೋಮೀಟರ್ ಹರಡಿಕೊಳ್ಳುತ್ತದೆ. ನೀರು ಇಳಿದಾಗ ತೆರೆದುಕೊಳ್ಳುವ ಮೆಕ್ಕಲು ನೆಲದಲ್ಲಿ ರೈತರು ಬೆಳೆ ಇಡುವುದು ರೂಢಿ. ಬಡ ರೈತನಿಗೆ ಅದು ಆಸರೆ, ತಪ್ಪೆನ್ನಲಾಗದು. ಆದರೆ ನೀರು ಏರಿದಾಗ ಉಳಿದ ಗೊಬ್ಬರ, ಕೊಯ್ಯದ ಪೈರು, ಕೂಳೆ ಎಲ್ಲವೂ ಮುಳುಗಿ ಕೊಳೆಯುತ್ತವೆ. 2024ರಲ್ಲಿ ಜಲಾಶಯ ಜುಲೈ ಕೊನೆಯ ಹೊತ್ತಿಗೆ ಕೆಲವೇ ವಾರಗಳಲ್ಲಿ ಪೂರ್ಣ ಮಟ್ಟ ಮುಟ್ಟಿತು. ಅಷ್ಟು ವೇಗವಾಗಿ ತುಂಬುವಾಗ ನೆಲದ ಮೇಲಿದ್ದದ್ದೆಲ್ಲ ನೀರಿನ ಪಾಲು.

ಮೇಲಿನಿಂದ ಬರುವ ಪಾಲೂ ಇದೆ. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಅರ್ಕಾವತಿ ಸೇರಿ, ಅರ್ಕಾವತಿ ಸಂಗಮದಲ್ಲಿ ಕಾವೇರಿ ಸೇರುತ್ತದೆ. ಹೊಸೂರಿನ ಸದಸ್ಯರಿಗೆ ಇದೇ ಕಥೆಯ ಇನ್ನೊಂದು ರೂಪ ಕೆಲವರಪಳ್ಳಿ ಅಣೆಕಟ್ಟೆಯಲ್ಲಿ ನೊರೆಯಾಗಿ ಕಾಣುತ್ತದೆ. ಅಲ್ಲಿ ದಕ್ಷಿಣ ಪಿನಾಕಿನಿ ಬೆಂಗಳೂರಿನ ಕೆರೆಗಳ ಕೊಳಕನ್ನು ಹೊತ್ತು ತರುತ್ತದೆ. ಮಳೆ ಚೆನ್ನಾಗಿದ್ದಾಗ ಈ ಕೊಳಕು ತೆಳುವಾಗುತ್ತದೆ. ಬರದಲ್ಲಿ ನೀರು ಕಡಿಮೆ, ಕೊಳಕು ಅಷ್ಟೇ.

ಹೊರಗಿನ ಪಾಠಗಳು

ಹಸಿರು ನೀರನ್ನು ಬರೀ ವಾಸನೆಯ ಸಮಸ್ಯೆ ಎಂದು ಬಿಟ್ಟವರು ಬೇರೆಡೆ ಬೆಲೆ ತೆತ್ತಿದ್ದಾರೆ. 1991ರ ಕೊನೆಯಲ್ಲಿ ಆಸ್ಟ್ರೇಲಿಯಾದ ಡಾರ್ಲಿಂಗ್ ನದಿಯಲ್ಲಿ ಬರದಿಂದ ಹರಿವು ಕುಂಠಿತವಾದಾಗ ಸುಮಾರು 1000 ಕಿಲೋಮೀಟರ್ ಉದ್ದಕ್ಕೂ ನೀಲಿ-ಹಸಿರು ಪಾಚಿ ಕೆನೆಗಟ್ಟಿತು. ದನಕರುಗಳು ಸತ್ತವು, ನ್ಯೂ ಸೌತ್ ವೇಲ್ಸ್ ಸರ್ಕಾರ ತುರ್ತುಸ್ಥಿತಿ ಸಾರಿತು. 1996ರಲ್ಲಿ ಬ್ರೆಜಿಲಿನ ಕರುವಾರು ಎಂಬಲ್ಲಿ ಈ ಪಾಚಿಯ ವಿಷ ಸೇರಿದ ಜಲಾಶಯದ ನೀರನ್ನು ಸರಿಯಾಗಿ ಶುದ್ಧಿ ಮಾಡದೆ ಡಯಾಲಿಸಿಸ್‌ಗೆ ಬಳಸಿದ್ದರಿಂದ 50ಕ್ಕೂ ಹೆಚ್ಚು ರೋಗಿಗಳು ಸತ್ತರು. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲಿಡೊ ನಗರದಲ್ಲಿ ಸುಮಾರು ಐದು ಲಕ್ಷ ಜನರಿಗೆ ನಲ್ಲಿ ನೀರು ಕುಡಿಯಬೇಡಿ ಎಂದು ಸಾರಬೇಕಾಯಿತು.

ನಮ್ಮ ಕಾಡಂಚಿನ ಊರುಗಳಿಗೆ ಹತ್ತಿರವಾದ ಪಾಠ ಬೋಟ್ಸ್ವಾನಾದ್ದು. 2020ರಲ್ಲಿ ಅಲ್ಲಿ 300ಕ್ಕೂ ಹೆಚ್ಚು ಆನೆಗಳು ಸತ್ತವು. ನೀರುಗುಂಡಿಗಳಲ್ಲಿನ ಸಯನೊಬ್ಯಾಕ್ಟೀರಿಯಾ ವಿಷವೇ ಕಾರಣ ಎಂದು ಸರ್ಕಾರ ಹೇಳಿತು. ಹಿಂದಿನ ವರ್ಷ ಅಲ್ಲಿ ಕಡು ಬರ, ಆ ವರ್ಷ ಒಳ್ಳೆಯ ಮಳೆ. ಕಾವೇರಿಯ ಎರಡೂ ದಡಗಳಲ್ಲಿ ವನ್ಯಜೀವಿ ಧಾಮಗಳಿವೆ: ಕರ್ನಾಟಕದ ಕಾವೇರಿ ಮತ್ತು ಮಲೆ ಮಹದೇಶ್ವರ ಧಾಮಗಳು, ತಮಿಳುನಾಡಿನ ಕಾವೇರಿ ಉತ್ತರ ಮತ್ತು ಕಾವೇರಿ ದಕ್ಷಿಣ ಧಾಮಗಳು. ಬರದಲ್ಲಿ ಇಲ್ಲಿನ ಆನೆಗಳೂ ಹಳ್ಳದ ಕೊನೆಯ ಮಡುವನ್ನೇ ಹುಡುಕಿಕೊಂಡು ಬರುತ್ತವೆ. ಊರಿನ ದನಗಳೂ ಅಲ್ಲಿಗೇ ಬರುತ್ತವೆ.

ಎಲ್ಲ ನೀಲಿ-ಹಸಿರು ಪಾಚಿಯೂ ವಿಷವಲ್ಲ ಎಂಬುದನ್ನೂ ಹೇಳಬೇಕು. ಆದರೆ ವಿಷ ಇದೆಯೋ ಇಲ್ಲವೋ ಕಣ್ಣಿಗೆ ತಿಳಿಯುವುದಿಲ್ಲ, ಪ್ರಯೋಗಾಲಯವೇ ಹೇಳಬೇಕು. ಕುದಿಸಿದರೆ ಈ ವಿಷ ಹೋಗುವುದಿಲ್ಲ. ನೀರು ಆವಿಯಾಗಿ ವಿಷ ಇನ್ನಷ್ಟು ಗಟ್ಟಿಯಾಗುತ್ತದೆ. ಕುದಿಸಿ ಆರಿಸಿ ಕುಡಿದರೆ ಸಾಕು ಎಂದು ನಂಬಿರುವ ನಮ್ಮ ಮನೆಗಳಿಗೆ ಇದು ಗೊತ್ತಿರಲೇಬೇಕು. ಮೈಲುತುತ್ತ ಸುರಿದು ಪಾಚಿ ಕೊಂದರೆ ಕೋಶಗಳು ಒಡೆದು ಒಳಗಿದ್ದ ವಿಷ ಒಮ್ಮೆಲೇ ನೀರಿಗೆ ಬೆರೆಯಬಹುದು. ವಿಶ್ವ ಆರೋಗ್ಯ ಸಂಸ್ಥೆ ಇಂಥ ಒಂದು ವಿಷವಾದ ಮೈಕ್ರೊಸಿಸ್ಟಿನ್‌ಗೆ ದಿನನಿತ್ಯದ ಕುಡಿಯುವ ನೀರಿನಲ್ಲಿ ಹಾಕಿರುವ ಮಿತಿ ಲೀಟರಿಗೆ 1 ಮೈಕ್ರೊಗ್ರಾಂ. ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲು ಅದು.

ಲೆಕ್ಕದಲ್ಲಿ ಇಲ್ಲದ ನೀರು

ಈಗ ನೀತಿಯ ಮಾತಿಗೆ ಬರೋಣ. 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಬಿಳಿಗುಂಡ್ಲುವಿನಲ್ಲಿ ಕರ್ನಾಟಕ ಒಂದು ಸಾಮಾನ್ಯ ವರ್ಷದಲ್ಲಿ 177.25 ಟಿಎಂಸಿ ಹರಿಸಬೇಕು. ಅದರಲ್ಲಿ ಪರಿಸರಕ್ಕೆಂದೇ 10 ಟಿಎಂಸಿ ಇದೆ ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. ಫೆಬ್ರವರಿಯಿಂದ ಮೇ ತನಕ ತಿಂಗಳಿಗೆ 2.5 ಟಿಎಂಸಿಯಂತೆ, ಅಂದರೆ ಸೆಕೆಂಡಿಗೆ ಸರಾಸರಿ ಸುಮಾರು 965 ಘನ ಅಡಿಯಂತೆ, ಅದು ಬರಬೇಕು. ಬೇಸಗೆಯಲ್ಲಿ ನದಿ ಸಾಯಬಾರದು ಎಂಬ ಅರಿವು ತೀರ್ಪಿನೊಳಗೇ ಇದೆ.

ಆದರೆ ಆ ಪಾಲು ಕಾವೇರಿಯ ಮುಖ್ಯ ಹರಿವಿಗೆ. ಪಾಲಾರಿಗೆ, ಚಿನ್ನಾರಿಗೆ, ದೊಡ್ಡಹಳ್ಳಕ್ಕೆ ಅಂಥ ಪಾಲಿಲ್ಲ. ಅವುಗಳ ಬೇಸಗೆಯ ನೀರು ಬರಬೇಕಾದದ್ದು ಕಾಡಿನ ಒರತೆಯಿಂದ, ಅಂತರ್ಜಲದಿಂದ. ಅದನ್ನು ಕಾಯುವ ಕೆಲಸ ಎರಡು ರಾಜ್ಯಗಳ ಅರಣ್ಯ, ಕಂದಾಯ, ಪಂಚಾಯಿತಿ, ಗಣಿ ಇಲಾಖೆಗಳ ನಡುವೆ ಹಂಚಿಹೋಗಿದೆ. ಗಡಿಯಾಗಿಯೇ ಹರಿಯುವ ಪಾಲಾರಿನಲ್ಲಿ ಎಡದಡ ಒಬ್ಬರದು, ಬಲದಡ ಇನ್ನೊಬ್ಬರದು.

ಗುಣಮಟ್ಟದ ಜಗಳವೂ ಕೋರ್ಟಿಗೆ ಹೋಗಿದೆ. ಕರ್ನಾಟಕದಿಂದ ಕಾವೇರಿ, ದಕ್ಷಿಣ ಪಿನಾಕಿನಿಗಳಿಗೆ ಕೊಳಚೆ ಬರುತ್ತಿದೆ ಎಂದು ತಮಿಳುನಾಡು 2015ರಲ್ಲಿ ಸುಪ್ರೀಂ ಕೋರ್ಟಿನ ಮೊರೆಹೋಗಿತ್ತು. ನೀರಿನ ಪ್ರಮಾಣದ ವಿಷಯದಲ್ಲಿ ಒಂದು ಕಡೆಯ ಲಾಭ ಇನ್ನೊಂದು ಕಡೆಯ ನಷ್ಟ ಎಂಬಂತೆ ಮಾತು ಸಾಗುತ್ತದೆ. ಗುಣದ ವಿಷಯ ಹಾಗಲ್ಲ. ಮೇಲಿನ ಹಳ್ಳ ತಿಳಿಯಾಗಿದ್ದರೆ ಇಬ್ಬರಿಗೂ ಲಾಭ, ಕೆಟ್ಟರೆ ಇಬ್ಬರಿಗೂ ನಷ್ಟ. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಲ್ಲಿ ಅಂತರ್ಜಲದ ಫ್ಲೋರೈಡ್‌ನಿಂದ ಹಲ್ಲು, ಮೂಳೆ ಕೆಟ್ಟವರಿಗಾಗಿ ಜಪಾನಿನ ಸಾಲದ ನೆರವಿನಿಂದ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಕಟ್ಟಿ 2013ರಿಂದ ನೀರು ಕೊಡಲಾಗುತ್ತಿದೆ. ಕೊಳವೆಬಾವಿಯ ನೀರು ಬಿಟ್ಟು ಹೊಳೆಯ ನೀರಿಗೆ ಬಂದ ಲಕ್ಷಾಂತರ ಜನರಿಗೆ ಹೊಳೆ ಹಸಿರಾಗುವುದು ದೂರದ ಸುದ್ದಿಯಾಗಲಾರದು. ಅವರಲ್ಲಿ ನಮ್ಮ ಸದಸ್ಯರ ಮನೆಗಳೂ ಇವೆ.

ಏನು ಮಾಡಬಹುದು?

ದ್ರಾವಣ ಸಿಂಪಡಿಸುವುದರಿಂದ ವಾಸನೆ ಸ್ವಲ್ಪ ತಗ್ಗಬಹುದು. ನೀರಿಗೆ ಬರುವ ಸಾರಜನಕ, ರಂಜಕ ನಿಲ್ಲದೆ ಪಾಚಿ ನಿಲ್ಲದು. ಸರ್ಕಾರಗಳ ಮಟ್ಟದಲ್ಲಿ ಕೇಳಬೇಕಾದ್ದು ಮೂರು. ಬರದ ತಿಂಗಳುಗಳಲ್ಲಿ ಜಲಾಶಯ ಮತ್ತು ಅದಕ್ಕೆ ಸೇರುವ ಹಳ್ಳಗಳ ಪಾಚಿಯನ್ನೂ ಮೈಕ್ರೊಸಿಸ್ಟಿನ್‌ಅನ್ನೂ ಪರೀಕ್ಷಿಸಿ ನೀರಿನ ಮಟ್ಟದ ಜೊತೆಯಲ್ಲೇ ಪ್ರಕಟಿಸಬೇಕು. ಹಳ್ಳದ ಆಳವಾದ ಮಡುಗಳನ್ನು ಗುರುತಿಸಿ, ಅವುಗಳಿಂದ ಪಂಪು ಹಚ್ಚುವುದನ್ನೂ ಸುತ್ತ ಮರಳು ತೆಗೆಯುವುದನ್ನೂ ಬೇಸಗೆಯಲ್ಲಿ ನಿಲ್ಲಿಸಬೇಕು. ಆ ಮಡುವೇ ಮುಂದಿನ ಮಳೆಗಾಲದ ಬಿತ್ತನೆ ಬೀಜ. ಊರಿನ ಕೊಳಚೆ ಸೇರುವ ಕಡೆ ಅದನ್ನು ತಡೆಯಬೇಕು.

ಹಿಂದಿನ ಸ್ಥಿತಿಯ ದಾಖಲೆ ಎಷ್ಟು ಮುಖ್ಯ ಎಂಬುದಕ್ಕೆ ನಮ್ಮಲ್ಲೇ ಒಂದು ಮೇಲ್ಪಂಕ್ತಿ ಇದೆ. ಎಚ್.ಪಿ. ಗಾಂಧಿ ಎಂಬ ವಿಜ್ಞಾನಿ 1950ರ ದಶಕದಲ್ಲಿ ಧಾರವಾಡ, ಸಾಗರ, ಹಿರೇಭಾಸ್ಕರ ಅಣೆಕಟ್ಟೆಯ ಸುತ್ತಮುತ್ತ ಡಯಾಟಮ್‌ಗಳನ್ನು ಹುಡುಕಿ ಚಿತ್ರ ಸಮೇತ ದಾಖಲಿಸಿದರು. ಆ ಭಾಗದ ನೀರು ಬದಲಾಗಿದೆಯೇ ಎಂದು ಇಂದು ಕೇಳುವವರಿಗೆ ಹೋಲಿಸಿ ನೋಡಲು ಆ ಪಟ್ಟಿ ಇದೆ. ಮೆಟ್ಟೂರಿನ ಹಳ್ಳಗಳಿಗೂ ಅಂಥ ಪಟ್ಟಿ ಬೇಕು. ಸೇಲಂ, ಧರ್ಮಪುರಿ, ಚಾಮರಾಜನಗರದ ಕಾಲೇಜುಗಳ ಸಸ್ಯಶಾಸ್ತ್ರ ವಿಭಾಗಗಳಿಗೆ ಇದು ಒಳ್ಳೆಯ ಕೆಲಸ. ಬೇಕಾದ್ದು ಒಂದು ಸೂಕ್ಷ್ಮದರ್ಶಕ, ಹಳೆಯ ಹಲ್ಲುಜ್ಜುವ ಬ್ರಷ್, ಕೆಲವು ಬಾಟಲಿ, ತಿಂಗಳಿಗೊಮ್ಮೆ ಹೋಗುವ ಶಿಸ್ತು.

ಸದಸ್ಯರು ಮನೆ ಮಟ್ಟದಲ್ಲಿ ಗಮನಿಸಬೇಕಾದ ಸಂಗತಿಗಳು ಇವು:

ಮಡುವಿನ ಹಸಿರನ್ನು ಉದ್ದನೆಯ ಕೋಲಿನಿಂದ ಎತ್ತಿ ನೋಡಿ, ಕೈ ಹಾಕಬೇಡಿ. ಕೂದಲಿನ ಜಡೆಯಂತೆ ಕೋಲಿಗೆ ಸುತ್ತಿಕೊಂಡರೆ ಅದು ಬಹುತೇಕ ಎಳೆಪಾಚಿ, ಭಯವಿಲ್ಲ. ಬಣ್ಣದಲ್ಲಿ ಅದ್ದಿ ತೆಗೆದಂತೆ ಕೋಲಿಗೆ ಬಳಿದುಕೊಂಡರೆ ನೀಲಿ-ಹಸಿರು ಪಾಚಿ ಎಂದು ಅನುಮಾನಿಸಿ.

ಅನುಮಾನವಿದ್ದರೆ ದನ, ಆಡು, ನಾಯಿಗಳನ್ನು ಅಲ್ಲಿ ನೀರಿಗೆ ಬಿಡಬೇಡಿ. ಮಕ್ಕಳನ್ನು ಈಜಲು ಬಿಡಬೇಡಿ. ಆ ನೀರನ್ನು ಕುದಿಸಿ ಕುಡಿಯುವ ಪ್ರಯತ್ನವೂ ಬೇಡ. ಪಂಚಾಯಿತಿಗೂ ಪಶುವೈದ್ಯರಿಗೂ ತಿಳಿಸಿ.

ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ ನಿಂತು ಹಳ್ಳದ ಫೋಟೊ ತೆಗೆದು ತಾರೀಖು ಬರೆದಿಡಿ. ಹರಿವು ನಿಂತ ದಿನ, ಮಡು ಬೇರೆಯಾದ ದಿನ, ಬಣ್ಣ ತಿರುಗಿದ ದಿನ, ಮೊದಲ ಮಳೆ ನೀರು ಬಂದ ದಿನ ಗುರುತು ಹಾಕಿ. ಐದು ವರ್ಷ ಹೀಗೆ ಬರೆದಿಟ್ಟರೆ ಯಾವ ಇಲಾಖೆಯೂ ತಳ್ಳಿಹಾಕಲಾಗದ ದಾಖಲೆ ಆಗುತ್ತದೆ.

ಮಳೆ ಚೆನ್ನಾದ ವರ್ಷ ಅಣೆಕಟ್ಟೆ ಬೇಗ ತುಂಬುತ್ತದೆ, ಮೇಲೆ ಹೇಳಿದ್ದೆಲ್ಲ ನೆನಪಿನಿಂದ ಜಾರುತ್ತದೆ. ಬರದ ತಯಾರಿ ಆಗಬೇಕಾದದ್ದು ಅಂಥ ವರ್ಷದಲ್ಲೇ. ಹಳ್ಳದಲ್ಲಿ ನೀರಿರುವಾಗ ಮಡುಗಳನ್ನು ಗುರುತಿಸಬಹುದು, ಒಳ್ಳೆಯ ಕಲ್ಲಿನ ಲೇಪ ಹೇಗಿರುತ್ತದೆ ಎಂದು ಮಕ್ಕಳಿಗೆ ತೋರಿಸಬಹುದು. ಪಾಲಾರ್, ಚಿನ್ನಾರ್, ತೊಪ್ಪೈಯಾರ್, ದೊಡ್ಡಹಳ್ಳಗಳ ಬಳಿ ಇರುವ ಸದಸ್ಯರು ತಮ್ಮ ಊರಿನ ಹಳ್ಳದ ಸ್ಥಿತಿಯನ್ನು ನಾಲ್ಕು ಸಾಲಿನಲ್ಲಿ ಬರೆದು ಕಳಿಸಿದರೆ ಈ ಪುಟದಲ್ಲೇ ಹಂಚಿಕೊಳ್ಳಬಹುದು. ತಮಿಳು ಮಾತಾಡುವ ನೆರೆಯವರ ಅನುಭವವನ್ನೂ ಕೇಳಿ ಬರೆಯಿರಿ. ಅವರೂ ಅದೇ ಹಳ್ಳದ ನೀರು ಕುಡಿಯುವವರು.